ಗಾಳಿಗೆ ಗುದ್ದುವ ಅತ್ತೆ ಸೊಸೆ

ನಾನು ಆ ಹುಡುಗನನ್ನು ಬೀಳಿಸಲಿಲ್ಲ. ನನ್ನ ಒಂದು ಗುದ್ದೂ ಅವನಿಗೆ ತಾಗಲಿಲ್ಲ. ಆ ಭಾನುವಾರ ಬೆಳಿಗ್ಗೆ ತಲ್ಲೂರಿನ ನಮ್ಮ ಭಜನಾ ಮಂದಿರದ ಹಾಲಿನಲ್ಲಿ ನಡೆದದ್ದು ಇಷ್ಟೇ: ನಾನು ಗುದ್ದಿದೆ, ಅವನು ತಪ್ಪಿಸಿಕೊಂಡ. ಮತ್ತೆ ಗುದ್ದಿದೆ, ಮತ್ತೆ ತಪ್ಪಿಸಿಕೊಂಡ. ಕೊನೆಗೆ ನನಗೆ ಉಸಿರು ಮೇಲೆ ಬಂತು, ಸಾಕೆಂದು ನಿಂತೆ. ಹಿಂದೆ ಹಿಂದೆ ಸರಿಯುತ್ತಿದ್ದ ಅವನ ಹಿಮ್ಮಡಿ ಚಾಪೆಯ ಅಂಚಿಗೆ ಸಿಕ್ಕಿ ಅವನು ಕುಂಡೆ ಊರಿದ. ಯಾರೋ ಪುಣ್ಯಾತ್ಮರು ಅದಷ್ಟನ್ನೇ ಮೊಬೈಲಿನಲ್ಲಿ ಹಿಡಿದು, ಮೊದಲಿನದನ್ನೂ ಕೊನೆಯದನ್ನೂ ಕತ್ತರಿಸಿ, ಊರಿಗೆಲ್ಲ ಹಂಚಿದರು. ಮೀನಿನ ತಲೆ ಬಾಲ ತೆಗೆದು ನಡುವಿನ ತುಂಡು ತೋರಿಸಿದರೆ ಯಾವ ಮೀನನ್ನೂ ದುಬಾರಿ ಅಂಜಲ್ ಎಂದು ಮಾರಬಹುದು. ಆ ಕೆಲಸ ನನಗೂ ಗೊತ್ತಿದೆ, ಆದ್ದರಿಂದ ಹೇಳುತ್ತಿದ್ದೇನೆ.

ಈಗ ನಾನು ಮೀನು ಇಟ್ಟುಕೊಂಡು ಕೂರುವ ಕಡೆ ಬರುವವರಿಗೆಲ್ಲ ಇದೇ ಮಾತು. "ಗಿರಿಜಕ್ಕ, ಮುಂಬೈ ಪೈಲ್ವಾನನ್ನೇ ಮಗ್ಚಿ ಹಾಕಿದ್ರಿ ಅಂಬ್ರಲೆ" ಎನ್ನುತ್ತಾರೆ. ಇಲ್ಲ ಎಂದರೆ ವಿನಯ ಎಂದುಕೊಳ್ಳುತ್ತಾರೆ. ವಿನಯ ನನಗೆ ಯಾವ ಕಾಲದಲ್ಲೂ ಇರಲಿಲ್ಲ, ಈ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಬ್ಬಾಕೆಯಂತೂ ಬಂಗುಡೆಗೆ ಚೌಕಾಶಿ ಮಾಡದೆ ತೆಗೆದುಕೊಂಡು ಹೋದಳು. ನಾನು ಗುದ್ದುತ್ತೇನೆಂದು ಹೆದರಿದಳೋ, ನಾನು ತೂಕದಲ್ಲಿ ಎಳೆದದ್ದನ್ನು ನೋಡಲಿಲ್ಲವೋ, ಗೊತ್ತಿಲ್ಲ. ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಆದರೆ ಇದು ಹೊಗಳಿದವರ ಕತೆಯಲ್ಲ. ತೆಗಳಿದವನೊಬ್ಬನ ಮೇಲೆ ನಾನು ಅನುಮಾನ ಪಟ್ಟು ಕೆಟ್ಟ ಕತೆ.

ಮೊದಲಿನಿಂದ ಹೇಳಬೇಕೆಂದರೆ, ನಾನು ಕರಾಟೆ ಕಲಿಯಲು ಹೋದವಳೇ ಅಲ್ಲ. ಮೋಸ ಹಿಡಿಯಲು ಹೋದವಳು.

ನನ್ನ ಸೊಸೆ ಶೋಭಾ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಮಗ ಬೋಟಿನವನು, ಮನೆಯಲ್ಲಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಬಂದ ದಿನದಿಂದ ಈ ಹೆಣ್ಣಿನ ಬಾಯಿಯಿಂದ ನಾನು ಕೇಳಿದ್ದು ಒಂದೇ ಮಾತು: "ಆಯ್ತ್ ಅತ್ತೆ." ಮಜ್ಜಿಗೆ ಕಡೆ ಎಂದರೆ ಆಯ್ತ್ ಅತ್ತೆ, ಕಡೆಯಬೇಡ ಎಂದರೂ ಆಯ್ತ್ ಅತ್ತೆ. ಅಂಥವಳು ಒಂದು ದಿನ, ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಭಜನಾ ಮಂದಿರದಲ್ಲಿ ಹೆಂಗಸರಿಗೆ ಕರಾಟೆ ಕ್ಲಾಸು ಇದೆ, ಪುಕ್ಕಟೆ, ಹೋಗುತ್ತೇನೆ ಎಂದಳು. ಹೋಗಲೇ ಎಂದು ಕೇಳಲಿಲ್ಲ, ಹೋಗುತ್ತೇನೆ ಎಂದಳು. ನನಗೆ ಆಗಲೇ ವಾಸನೆ ಬಡಿಯಿತು.

ಪುಕ್ಕಟೆ ಎಂಬ ಶಬ್ದ ಕೇಳಿದರೆ ನಾನು ಮೊದಲು ಹೊರಗೆ ಇಟ್ಟ ಚಪ್ಪಲಿ ಇದೆಯೇ ಎಂದು ನೋಡುವವಳು. ಮೊದಲಿಗೆ ಇದು ವಿಮೆ ಮಾಡಿಸುವವರ ಕೆಲಸ ಎಂದುಕೊಂಡೆ. ನಾಲ್ಕು ದಿನ ಕೈ ಕಾಲು ಎತ್ತಿಸಿ, ಐದನೇ ದಿನ ಕೈ ಕಾಲು ಮುರಿದರೆ ಏನು ಮಾಡುತ್ತೀರಿ ಎಂದು ಕೇಳುವುದು. ಅದಲ್ಲವೆಂದು ಗೊತ್ತಾದ ಮೇಲೆ, ಕಲಿಸುವ ದಿನೇಶ ಮಾಸ್ತ್ರು ಪಂಚಾಯತಿಗೆ ನಿಲ್ಲುವ ಆಲೋಚನೆಯಲ್ಲಿದ್ದಾರೆ ಎಂದುಕೊಂಡೆ. ಅವರು ಹಗಲು ಹೊತ್ತು ಮಿಕ್ಸಿ, ಫ್ಯಾನು ರಿಪೇರಿ ಮಾಡುವವರು. ಮಿಕ್ಸಿ ರಿಪೇರಿಯವರಿಗೆ ಹೆಂಗಸರ ಓಟು ಬೇಕಾದರೆ ಇಷ್ಟು ಸುತ್ತಿ ಬಳಸಿ ಬರಬೇಕಾಗಿಲ್ಲ ಎಂದು ಆಮೇಲೆ ಹೊಳೆಯಿತು. ಕೊನೆಗೆ, ಇವಳು ಅಲ್ಲಿಗೆ ಹೋಗುತ್ತಾಳೋ, ಬೇರೆಲ್ಲಿಗಾದರೂ ಹೋಗುತ್ತಾಳೋ ಎಂಬಲ್ಲಿಗೆ ಬಂತು ನನ್ನ ಆಲೋಚನೆ. ಒಂದು ಭಾನುವಾರ ಹಿಂದೆಯೇ ಹೋದೆ.

ಹೋಗಿ ನೋಡಿದರೆ ನಿಜಕ್ಕೂ ಕರಾಟೆ. ಬೀಡಿ ಕಟ್ಟುವವರು, ಅಂಗನವಾಡಿಯವರು, ಕಾರ್ಖಾನೆಯವರು, ಎಲ್ಲ ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ದೇವರ ಫೋಟೋಗಳು ಗೋಡೆಯಿಂದ ನೋಡುತ್ತಿದ್ದವು. ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆ. ಬುಧವಾರವೂ ಹೋಗಿ ಕೂತೆ. ಎಷ್ಟು ವಾರ ಹಾಗೆ ಕೂತೆನೋ, ಮೋಸ ಮಾತ್ರ ಸಿಗಲಿಲ್ಲ. ದೂರದಿಂದ ನೋಡಿದರೆ ಸಿಗುವಂಥದ್ದಲ್ಲ, ಹತ್ತಿರ ಹೋಗಬೇಕು ಎಂದುಕೊಂಡು ಸಾಲಿಗೆ ಸೇರಿದೆ. ಮೀನು ಹಳತೋ ಹೊಸತೋ ಎಂದು ಕಣ್ಣಿನಲ್ಲಿ ನೋಡಿ ಗೊತ್ತಾಗದಿದ್ದರೆ ಕಿವಿರು ಎತ್ತಿ ನೋಡುವುದಿಲ್ಲವೇ, ಹಾಗೆ.

ಸೇರಿದ ಮೇಲೆ ತೊಂದರೆ ಶುರುವಾಯಿತು. ಸೀರೆಯಲ್ಲಿ ಕಾಲು ಎತ್ತಲು ಆಗುವುದಿಲ್ಲ. ಅರುವತ್ತು ದಾಟುವವರೆಗೆ ಎರಡು ಕಾಲಿನ ಬಟ್ಟೆ ಹಾಕದವಳು ಶೋಭಾಳ ಚೂಡಿದಾರದ ಪ್ಯಾಂಟು ಹಾಕಿ, ಮೇಲೆ ಬಿಳಿ ಕೋಟು ಹಾಕಿ, ಬೆಳಗಿನ ಮಬ್ಬಿನಲ್ಲಿ ರಸ್ತೆ ದಾಟಿದೆ. ನಾಯಿ ಕೂಡ ಗುರುತು ಹಿಡಿಯದೆ ಬೊಗಳಿತು. ಸೊಂಟದ ಪಟ್ಟಿಯನ್ನು ನಾನು ಬಲೆಯ ಹಗ್ಗಕ್ಕೆ ಹಾಕುವ ಗಂಟು ಹಾಕಿ ಕಟ್ಟಿದೆ. ಕ್ಲಾಸು ಮುಗಿದ ಮೇಲೆ ಮಾಸ್ತ್ರಿಗೂ ಬಿಚ್ಚಲು ಬರಲಿಲ್ಲ, ಹಾಗೇ ಮನೆಗೆ ಹೋಗಿ ಕತ್ತಿಯ ತುದಿಯಿಂದ ಬಿಡಿಸಬೇಕಾಯಿತು. ಜಪಾನಿನ ಎಣಿಕೆ ಬೇರೆ. ಇಚಿ, ನಿ, ಸಾನ್. ಒಂದು ಎರಡು ಮೂರು ಎಂದು ಎಣಿಸಿದರೆ ಗುದ್ದು ಬೀಳುವುದಿಲ್ಲವೇ ಎಂದು ಕೇಳಿದೆ. "ಬೀಳತ್ತ್ ಅಜ್ಜಿ, ಆದ್ರೆ ನೀವ್ ಮೀನ್ ಎಣ್ಸ್ದಾಂಗೆ ಎಣಿಸ್ತ್ರಿ, ಎಲ್ರೂ ಓಡ್ಕ್ ಆತ್ತ್" ಎಂದರು ಮಾಸ್ತ್ರು. ಅದು ಹೌದು. ನಾನು ಮೀನೆಣಿಸುವಾಗ ಯಾರ ಕಣ್ಣಿಗೂ ನಿಲುಕುವುದಿಲ್ಲ.

ಗುದ್ದುವುದು ನನಗೆ ಕಷ್ಟವಾಗಲಿಲ್ಲ. ಬೊಬ್ಬೆ ಹೊಡೆಯುವುದಂತೂ ನನಗೆ ಹುಟ್ಟಿನಿಂದ ಬಂದದ್ದು. ಕಷ್ಟವಾದದ್ದು ಸುಮ್ಮನೆ ನಿಲ್ಲುವುದು. ಕ್ಲಾಸಿನ ಮೊದಲಿಗೂ ಕೊನೆಗೂ ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಅಲ್ಲಾಡದೆ ನಿಲ್ಲಬೇಕು. ನನ್ನ ಆಯುಷ್ಯದಲ್ಲಿ ನಾನು ಯಾವತ್ತೂ ಏನೂ ಮಾಡದೆ ನಿಂತವಳಲ್ಲ. ಬುಟ್ಟಿ ಹೊತ್ತು ಮನೆ ಮನೆ ತಿರುಗಿದ್ದೇನೆ, ಈಗ ಕೂತು ಮಾರುತ್ತೇನೆ, ನಡುವೆ ಮಕ್ಕಳನ್ನು ಸಾಕಿದೆ. ಕಣ್ಣು ಮುಚ್ಚಿದರೆ ಸಾಕು, ಐಸು ಕರಗುತ್ತಿದೆ ಎಂದೇ ಅನಿಸುತ್ತಿತ್ತು. ಒಂದು ಕಣ್ಣು ತೆರೆದು ನೋಡುತ್ತಿದ್ದೆ, ಬೇರೆಯವರೂ ಹಾಗೆ ನೋಡುತ್ತಿದ್ದಾರೋ ಎಂದು. ಆಮೇಲೆ ಯಾವಾಗಲೋ ಒಂದು ದಿನ ನೋಡುವುದನ್ನು ಮರೆತೆ. ಅದನ್ನು ದೊಡ್ಡ ಸಂಗತಿ ಎಂದು ಹೇಳುವುದಿಲ್ಲ. ಮರೆತೆ, ಅಷ್ಟೇ.

ಸೊಸೆಯ ಕತೆ ನನ್ನದಕ್ಕೆ ಉಲ್ಟಾ. ಅವಳಿಗೆ ನಿಲ್ಲುವುದು ಸುಲಭ, ಕೂಗುವುದು ಕಷ್ಟ. ಗುದ್ದುವಾಗ ಹೊಟ್ಟೆಯಿಂದ ಒಂದು ಕೂಗು ಹಾಕಬೇಕು. ಮೊದಲ ದಿನ ಅವಳ ಬಾಯಿಂದ ಬಂದದ್ದು ಬಿಕ್ಕಳಿಕೆ. ಮಾಸ್ತ್ರು ನಮ್ಮಿಬ್ಬರನ್ನೇ ಜೋಡಿ ಮಾಡಿದರು. ನಾನು ಗುದ್ದುವುದು, ಅವಳು ಕೈ ಅಡ್ಡ ಕೊಡುವುದು, ಮತ್ತೆ ಅವಳು, ಮತ್ತೆ ನಾನು. ಅತ್ತೆ ಸೊಸೆ ಹೊಡೆದುಕೊಳ್ಳಲು ಕ್ಲಾಸಿಗೆ ಹೋಗುತ್ತಾರೆ, ಮನೆಯಲ್ಲಿ ಜಾಗ ಸಾಲುವುದಿಲ್ಲವಂತೆ ಎಂದು ಊರಿನಲ್ಲಿ ನಗಾಡಿದರು. ಶೋಭಾ ಮೊದಮೊದಲು ನನಗೆ ತಾಗಿಸುತ್ತಲೇ ಇರಲಿಲ್ಲ. "ಗುದ್ದೇ, ನಾನೆಂತ ಕರ್ಗಿ ಹೋತ್ನಾ" ಎಂದು ಬೈದೆ. ಒಂದು ದಿನ ಗುದ್ದಿದಳು. ಎದೆ ಮೂಳೆ ಎರಡು ದಿನ ನೋಯುತ್ತಿತ್ತು. ಅದರ ಜೊತೆ ಬಂದ ಕೂಗಿಗೆ ಹಾಲಿನ ತಗಡಿನ ಮಾಡಿನ ಮೇಲಿದ್ದ ಕಾಗೆಗಳು ಎದ್ದವು.

ಆಮೇಲೆ ಎರಡು ಬದಲಾವಣೆ ನೋಡಿದೆ. ನಾನು ಸಂಜೆಯವರೆಗೆ ಮೀನು ಇಟ್ಟುಕೊಂಡು ಕೂರುವುದು ಬಸ್ಸು ನಿಲ್ಲುವಲ್ಲಿ. ಮೊದಲೆಲ್ಲ ಶೋಭಾ ಬಸ್ಸಿನಿಂದ ಇಳಿದರೆ ಊಟದ ಬ್ಯಾಗನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತ, ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದಳು. ಈಗ ಬ್ಯಾಗು ಕೈಯಲ್ಲಿ ತೂಗುತ್ತಿತ್ತು, ಮುಖ ಮೇಲಿತ್ತು. ಇನ್ನೊಂದು ಬದಲಾವಣೆ ನನಗೆ ಅಷ್ಟು ಹಿತವಾಗಲಿಲ್ಲ. ಒಂದು ರಾತ್ರಿ ಮೀನು ತೊಳೆ ಎಂದೆ. "ಇವತ್ ನಂಗ್ ಆತ್ತಿಲ್ಲ ಅತ್ತೆ. ನೀವೇ ತೊಳ್ಕಣಿ" ಎಂದಳು. ಹಾಗೆಂದು ಜಗಳವಾಡುವ ಮುಖವೂ ಅಲ್ಲ, ಸುಮ್ಮನೆ ಹೇಳಿ ಹೋಗಿ ಮಲಗಿದಳು. ನಾನು ಮೀನು ತೊಳೆಯುತ್ತ ಯೋಚಿಸಿದೆ: ಈ ಕ್ಲಾಸಿನಲ್ಲಿ ಏನೋ ಮೋಸ ಇದೆ ಎಂದುಕೊಂಡಿದ್ದೆನಲ್ಲ, ಇದೇ ಅದು. ಪೆಟ್ಟು ಯಾರಿಗೆ ಬೀಳುತ್ತದೋ ಎಂದು ಕಾಯುತ್ತಿದ್ದೆ, ಬಿದ್ದದ್ದು ನನಗೆ. ಆದರೂ ಕ್ಲಾಸು ಬಿಡಿಸುವ ಮನಸ್ಸಾಗಲಿಲ್ಲ. ಮಾತಿಗೆ ಮಾತು ಕೊಡುವವಳು ಮನೆಯಲ್ಲಿದ್ದರೆ ಮನೆಗೂ ಒಂದು ಉಸಿರು.

ಆ ಹೊತ್ತಿಗೆ ಬಂದವನು ಪ್ರಜ್ವಲ, ನನ್ನ ತಂಗಿಯ ಮೊಮ್ಮಗ. ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅಲ್ಲಿ ಬಲೆಯ ಗೂಡಿನಂಥದ್ದರೊಳಗೆ ಇಬ್ಬರನ್ನು ಬಿಟ್ಟು ಹೊಡೆದಾಡಿಸುತ್ತಾರಲ್ಲ, ಆ ಹೊಡೆದಾಟದವನು. ಕಿವಿಯೊಂದು ಹಿಸುಕಿದ ಕಡುಬಿನ ಹಾಗಿದೆ. ಗೆದ್ದ ಮೆಡಲುಗಳ ಫೋಟೋ ತಂಗಿ ಕಳಿಸುತ್ತಲೇ ಇರುತ್ತಾಳೆ. ಮೊಣಕಾಲಿಗೆ ಪೆಟ್ಟಾಗಿ, ಸ್ವಲ್ಪ ದಿನ ಸುಧಾರಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದ. ಹುಡುಗ ಒಳ್ಳೆಯವನೇ, ಉಂಡ ಬಟ್ಟಲು ತಾನೇ ತೊಳೆಯುತ್ತಾನೆ. ಅದೂ ನನಗೆ ಅನುಮಾನವೇ. ನಮ್ಮ ಕಡೆಯ ಗಂಡಸರು ಕಾರಣ ಇಲ್ಲದೆ ಬಟ್ಟಲು ತೊಳೆಯುವುದಿಲ್ಲ.

ಅವನು ಒಂದು ಬುಧವಾರ ಹಾಲಿಗೆ ಬಂದು ಬಾಗಿಲಿಗೆ ಒರಗಿ ನೋಡಿದ. ಮುಗಿದ ಮೇಲೆ ಹೆಂಗಸರು ಸುತ್ತ ಸೇರಿ ಹೇಗಿದೆ ಎಂದು ಕೇಳಿದರು. ಹೊಗಳುತ್ತಾನೆ ಎಂದು ಎಲ್ಲರ ಮುಖ ಅರಳಿತ್ತು.

"ಸೀದಾ ಹೇಳ್ತೆ, ಬೇಜಾರ್ ಮಾಡ್ಕಂಬುದ್ ಬ್ಯಾಡ" ಎಂದ. "ಇದೆಲ್ಲ ಟೈಂಪಾಸ್. ಎದ್ರಿಗೆ ಮನ್ಷನೇ ಇಲ್ದೆ ಗುದ್ರೆ ಅದ್ ಫೈಟ್ ಅಲ್ಲ, ಡ್ಯಾನ್ಸ್. ನಿಜವಾಗಿ ಒಬ್ಬ ಮೈಮೇಲ್ ಬಿದ್ರೆ ಇದ್ಯಾವ್ದೂ ನೆನಪಿಗ್ ಬತ್ತಿಲ್ಲ. ಕಣ್ ಮುಚ್ಚಿ ತೆಗುದ್ರೊಳ್ಗೆ ಮುಗ್ದಿರತ್ತ್."

ಅಂಗನವಾಡಿಯಾಕೆ ನಕ್ಕಳು, ನಗು ಅರ್ಧಕ್ಕೆ ನಿಂತಿತು. ಮಾಸ್ತ್ರು, "ಅವ್ರ್ ಹೇಳುದ್ ಅವ್ರ ಲೆಕ್ಕದಲ್ ಸರಿ" ಎಂದು ಚಾಪೆ ಮಡಚಲು ಹೋದರು. ಆ ಸಂಜೆ ಬಸ್ಸಿನಿಂದ ಇಳಿದ ಶೋಭಾಳ ಬ್ಯಾಗು ಎದೆಯ ಮೇಲಿತ್ತು. ನಾನು ದೂರದಿಂದಲೇ ನೋಡಿದೆ. ಭಾನುವಾರ ಹೊರಡು ಎಂದರೆ ತಲೆ ನೋವು ಎಂದಳು. ಮುಂದಿನ ಬುಧವಾರ ಹೊಟ್ಟೆ ನೋವು. "ಮತ್ತೆ ಬತ್ತ್ಯಾ ಇಲ್ಯಾ?" ಎಂದು ಕೇಳಿದೆ. "ಎಂತಕ್ ಅತ್ತೆ, ಬರೀ ಡ್ಯಾನ್ಸಿಗೆ" ಎಂದಳು. ಮೀನು ತೊಳೆ ಎಂದರೆ "ಆಯ್ತ್ ಅತ್ತೆ" ಎಂದಳು. ಒಣಗಿದ ಬಟ್ಟೆ ತೆಗೆ ಎಂದರೆ "ಆಯ್ತ್ ಅತ್ತೆ" ಎಂದಳು. ಆ ಮಾತು ಕೇಳಿ ಖುಷಿಪಡಬೇಕಾದ ಅತ್ತೆ ನಾನು. ಸಿಟ್ಟು ಬಂತು.

ಇನ್ನು ನನ್ನ ಬುದ್ಧಿ ಹೇಗೆ ಓಡಿತು ಎಂದು ಹೇಳುತ್ತೇನೆ. ಮೀನು ಮಾರಿದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಇದೆ. ಬುಟ್ಟಿಯ ಮುಂದೆ ಬಗ್ಗಿ ನಿಂತು, "ಇದ್ ನಿನ್ನೆದ್ದ್, ಕಣ್ ಬೆಳ್ಳಗ್ ಆಯ್ತ್, ಹೊಟ್ಟೆ ಒಡ್ದಿತ್ತ್" ಎಂದು ಮೂಗು ಮುರಿಯುವವಳು ಕೊಳ್ಳಲು ಬಂದವಳು. ಬೇಡದವಳು ಮಾತೇ ಆಡುವುದಿಲ್ಲ, ಸೀದಾ ಮುಂದಿನ ಬುಟ್ಟಿಗೆ ಹೋಗುತ್ತಾಳೆ. ಎಷ್ಟು ಹೆಚ್ಚು ತೆಗಳುತ್ತಾಳೋ ಅಷ್ಟು ಬೇಕಾಗಿದೆ ಎಂದು ಅರ್ಥ. ಹಾಗಿರುವಾಗ, ಈ ಹುಡುಗ ನಮ್ಮ ಕ್ಲಾಸು ಪ್ರಯೋಜನ ಇಲ್ಲ ಎಂದು ಒಮ್ಮೆ ಹೇಳಿ ಸುಮ್ಮನಾಗಲಿಲ್ಲ. ಭಾನುವಾರವೂ ಬಂದು ನೋಡಿದ, ಆ ಮುಂದಿನ ಬುಧವಾರವೂ ಬಂದ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು ಎತ್ತಿದ. ಇವನಿಗೆ ಇದರಲ್ಲಿ ಏನೋ ಬೇಕಾಗಿದೆ, ದರ ಇಳಿಸುತ್ತಿದ್ದಾನೆ ಎಂದು ನಾನು ನಿರ್ಧಾರ ಮಾಡಿದೆ.

ಏನು ಬೇಕು? ಮಂದಿರದ ಹಾಲು ಬೇಕು. ಮಾಸ್ತ್ರನ್ನು ಓಡಿಸಿ, ಮುಂಬೈಯವರು ಎಂದು ಬೋರ್ಡು ಹಾಕಿ, ತಾನು ಕ್ಲಾಸು ಶುರು ಮಾಡುವುದು. ಕಾಲು ಕೆಟ್ಟವನಿಗೆ ಇನ್ನೇನು ದಾರಿ? ಲೆಕ್ಕ ಸರಿಯಾಗಿ ಕೂತಿತು. ಮಾಸ್ತ್ರ ಅಂಗಡಿಗೆ ಹೋಗಿ, "ಹಾಲಿನ್ ಬೀಗ ಬದ್ಲ್ಸಿ ಮಾಸ್ತ್ರೇ" ಎಂದೆ. ಅವರು ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದರು. ತಲೆ ಎತ್ತಿ ನಗಾಡಿದರು. "ಬೀಗದ್ ಕೈ ಅವ್ನತ್ರವೇ ಇತ್ತಲೆ ಅಜ್ಜಿ. ನಾನೇ ಕೊಟ್ಟದ್ದ್. ಬೆಳಿಗ್ಗೆ ಕಾಲಿನ್ ವ್ಯಾಯಾಮ ಮಾಡುಕೆ" ಎಂದರು. ತಂಗಿಗೆ ಫೋನು ಮಾಡಿ, ನಿನ್ನ ಮೊಮ್ಮಗನಿಗೆ ಇಲ್ಲಿ ಏನು ಬೇಕಾಗಿದೆ, ಸತ್ಯ ಹೇಳು ಎಂದೆ. "ಮೀನ್ ಸಾರ್ ಬೇಕಂಬ. ಅಕ್ಕ, ನಿಂಗ್ ಎಂತ ಆಯ್ತ್?" ಎಂದಳು. ಮುಂದಿನ ತಿಂಗಳು ಅವನಿಗೆ ಮುಂಬೈಯಲ್ಲಿ ಮತ್ತೆ ಹೊಡೆದಾಟ ಇದೆ, ಟಿಕೆಟೂ ಆಗಿದೆ ಎಂದಳು.

ಅಷ್ಟು ಕೇಳಿದ ಮೇಲೂ ನಾನು ಬಿಡಲಿಲ್ಲ. ಅನುಮಾನ ಒಮ್ಮೆ ಬಂದರೆ ಕೈಗೆ ಹತ್ತಿದ ಮೀನಿನ ವಾಸನೆ, ಸೋಪು ಹಾಕಿದರೆ ಹೋಗುವಂಥದ್ದಲ್ಲ. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅವನಿಗೆ, "ಹ್ವಾಯ್, ನಾಳೆ ಹಾಲಿಗ್ ಬಾ. ನಂಗ್ ಎದ್ರ್ ನಿಲ್. ನಮ್ದ್ ಡ್ಯಾನ್ಸೋ ಎಂತದ್ದೋ ಕಾಂಬ" ಎಂದೆ. ಅವನು ಬೇಡ ಅಜ್ಜಿ ಎಂದ. ನಾನು, ಹೆದರಿಕೆಯಾ ಎಂದೆ. ಶೋಭಾ ಸಾರು ಬಡಿಸುತ್ತಿದ್ದಳು, ಸೌಟು ಅಲ್ಲೇ ನಿಂತಿತು. ಭಾನುವಾರ ಅವಳಿಗೆ ತಲೆ ನೋವೂ ಇರಲಿಲ್ಲ, ಹೊಟ್ಟೆ ನೋವೂ ಇರಲಿಲ್ಲ. ಬಿಳಿ ಕೋಟು ಹಾಕದೆ, ಸೀರೆಯಲ್ಲೇ ಬಂದು ನಾನು ಮೊದಲು ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು.

ಅಲ್ಲಿ ಆದದ್ದನ್ನು ಮೊದಲೇ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಒಂದಿದೆ. ಅವನು ಕೈಯನ್ನೇ ಎತ್ತಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೆಟ್ಟಾದ ಕಾಲಿನಲ್ಲಿ, ನನ್ನ ಪ್ರತಿ ಗುದ್ದಿನಿಂದ ಒಂದು ಗೇಣು ದೂರ ನಿಲ್ಲುತ್ತಿದ್ದ. ನಾನು ಎಲ್ಲಿ ಗುದ್ದುತ್ತೇನೆ ಎಂದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ನಗಾಡಲಿಲ್ಲ, ಕೀಟಲೆ ಮಾಡಲಿಲ್ಲ. ಮಕ್ಕಳು ನಡೆಯಲು ಕಲಿಯುವಾಗ ಹಿರಿಯರು ಮುಂದೆ ಬಗ್ಗಿ ಹಿಂದೆ ಹಿಂದೆ ಹೋಗುತ್ತಾರಲ್ಲ, ಹಾಗೆ ಹೋದ. ಅದು ನನಗೆ ಎಲ್ಲಕ್ಕಿಂತ ಉರಿಯಿತು.

ಮುಗಿದ ಮೇಲೆ ಇಬ್ಬರೂ ಮಂದಿರದ ಮೆಟ್ಟಿಲ ಮೇಲೆ ಕೂತೆವು. ನನ್ನ ಉಸಿರು ಕೆಳಗೆ ಬರುವವರೆಗೆ ಅವನು ಪೆಟ್ಟಾದ ಮೊಣಕಾಲು ನೀವಿಕೊಳ್ಳುತ್ತಿದ್ದ.

"ನಿಂಗ್ ಎಂತ ಬೇಕ್ ಮಾರಾಯ, ಈಗಾದ್ರೂ ಹೇಳ್" ಎಂದೆ.

"ನಂಗೆಂತ ಬ್ಯಾಡ ಅಜ್ಜಿ" ಎಂದ. "ಅಲ್ಲಿ ನಮ್ ಜಿಮ್ಮಿಗ್ ಒಂದ್ ಹುಡ್ಗಿ ಬತ್ತಿತ್ತ್. ಹಿಂಗೇ ಕಲ್ತದ್ದ್. ಫೋನ್ ಕಸ್ಕಂಡವ್ನ ಎದ್ರ್ ನಿಂತ್ಕಂಡ್, ದವ್ಡೆ ಮುರ್ಕಂಡ್ಳ್. ಏನೂ ಗೊತ್ತಿಲ್ದವ್ರ್ ಓಡ್ತ್ರ್. ಅರ್ಧ ಗೊತ್ತಿದ್ದವ್ರ್ ನಿಲ್ತ್ರ್. ನೀವ್ ನಿಲ್ಲುಕಾಗ ಅಂದ್ಹೇಳಿ ಹೇಳ್ದೆ."

"ಹಂಗಾರೆ ಬಿಡ್ಕಾ?"

"ಬಿಡಿ ಅಂದ್ ನಾನ್ ಯಾವಾಗ್ ಹೇಳ್ದೆ? ಫೈಟ್ ಅಂದ್ಕಂಬುಕಾಗ, ಅಷ್ಟೇ."

ಇವನ ಮಾತಿನ ಕಿವಿರು ಎತ್ತಿ ನೋಡಿದೆ. ಕೆಂಪಗಿತ್ತು. ತಾಜಾ. ಏನೂ ಕೊಳ್ಳಲು ಬಂದವನಲ್ಲ, ದರ ಇಳಿಸಲು ಬಂದವನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದವನು. ನಮ್ಮಂಥವರಿಗೆ ಅದನ್ನು ಗುರುತು ಹಿಡಿಯಲು ಬರುವುದಿಲ್ಲ. ಆಯುಷ್ಯವಿಡೀ ಮಾತೆಂದರೆ ಚೌಕಾಶಿ ಎಂದುಕೊಂಡವರಿಗೆ, ಚೌಕಾಶಿ ಅಲ್ಲದ ಮಾತು ಬಂದರೆ ಅದೇ ದೊಡ್ಡ ಮೋಸವಾಗಿ ಕಾಣುತ್ತದೆ. ಅಂದಿನಿಂದ ನಾನು ಕ್ಲಾಸಿನ ಹೆಂಗಸರಿಗೆ ಹೇಳುವುದು ಇಷ್ಟು: ಯಾರಾದರೂ ಮೈಮೇಲೆ ಬಂದರೆ ಕೂಗಿ ಓಡಿ, ಚಪ್ಪಲಿ ಬಿಟ್ಟು ಓಡಿ. ಮಾಸ್ತ್ರೂ ಮೊದಲಿನಿಂದ ಅದನ್ನೇ ಹೇಳುತ್ತಿದ್ದರಂತೆ, ನಾನು ಮೋಸ ಹುಡುಕುವ ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅವನು ಸರಿ ಎಂದಾದ ಮೇಲೆ ಪ್ರಶ್ನೆ ನನ್ನ ತಲೆಯ ಮೇಲೆ ಬಿತ್ತು. ಅವನು ಸುಳ್ಳುಗಾರ ಆಗಿದ್ದರೆ ನನಗೆ ಸುಲಭವಿತ್ತು, ಸುಳ್ಳ ಎಂದು ಹೇಳಿ ಗುದ್ದುತ್ತಾ ಇರಬಹುದಿತ್ತು. ಈಗ, ಹೊಡೆದಾಟಕ್ಕೆ ಬಾರದ ಹೊಡೆತವನ್ನು ನಾನು ಯಾಕೆ ಹೊಡೆಯಬೇಕು?

ಮಧ್ಯಾಹ್ನ ಪೂರ್ತಿ ಮೀನು ಮಾರುತ್ತ ಅದನ್ನೇ ಯೋಚಿಸಿದೆ. ನಮ್ಮಲ್ಲಿ ಬಯಲಾಟ ಆಡುವವರು ಇದ್ದಾರೆ. ಹುಡುಗ ಪ್ರಾಯದಿಂದ ಯುದ್ಧದ ಕುಣಿತ ಕಲಿಯುತ್ತಾರೆ, ಮಂಡಿ ಹಾಕುತ್ತಾರೆ, ಬಿಲ್ಲು ಹಿಡಿಯುತ್ತಾರೆ, ಬೆಳಗಾಗುವ ತನಕ ವೈರಿಗಳನ್ನು ಕೊಲ್ಲುತ್ತಾರೆ. ಆಮೇಲೆ ಬಣ್ಣ ತೆಗೆದು ಬಸ್ಸಿಗೆ ಕಾಯುತ್ತಾರೆ. ನಿಮ್ಮ ಈ ಕುಣಿತ ಗಡಿಯಲ್ಲಿ ನಡೆಯುತ್ತದೋ ಎಂದು ಅವರನ್ನು ಯಾವ ಮಿಲಿಟರಿಯವರೂ ಕೇಳಿದ್ದನ್ನು ನಾನು ಕಾಣೆ. ಕೇಳಿದರೆ ಕೇಳಿದವರೇ ಪೆದ್ದರು. ಹಾಗಾದರೆ ಡ್ಯಾನ್ಸ್ ಎಂದರೆ ನಮಗೆ ಯಾಕೆ ಅಷ್ಟು ಚುಚ್ಚಬೇಕು? ಇರಲಿ, ಡ್ಯಾನ್ಸೇ. ನನ್ನ ಓರಗೆಯವರು ಯಾರು ಡ್ಯಾನ್ಸ್ ಮಾಡುತ್ತಾರೆ? ಗಂಟಿನ ನೋವು ಎಂದು ಎಣ್ಣೆ ತಿಕ್ಕಿಕೊಂಡು ಕೂತಿದ್ದಾರೆ.

ಇನ್ನೂ ಒಂದು ವಿಷಯ ಇದೆ. ಬೋಟಿನ ಮೀನು ಬುಟ್ಟಿಗೆ ಬಿದ್ದ ಕೂಡಲೇ ನಾವು ಮೊದಲು ಮಾಡುವ ಕೆಲಸ, ಮನೆಯ ಸಾರಿಗೆ ಒಂದಿಷ್ಟು ಎತ್ತಿ ಎಲೆಯಲ್ಲಿ ಸುತ್ತಿ ತಳದಲ್ಲಿಡುವುದು. ಕೊಳ್ಳುವವರಿಗೆ ಅದರ ಮೇಲೇ ಕಣ್ಣು. ಒಳ್ಳೆಯದನ್ನು ಅಡಗಿಸಿಟ್ಟಿದ್ದೀರಿ ಎನ್ನುತ್ತಾರೆ. ತೋರಿಸಿದರೆ, ಅಯ್ಯೋ ಇದಾ, ಮುಳ್ಳೇ ಜಾಸ್ತಿ ಎನ್ನುತ್ತಾರೆ. ಎರಡೂ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ದರ ಹೇಳುವುದು ಮಾರಲು ಇಟ್ಟದ್ದಕ್ಕೆ. ಇದು ಮಾರಲು ಇಟ್ಟದ್ದಲ್ಲ. ಹೊಡೆದಾಡಿ ಬದುಕುವವನು ಹೊಡೆತಕ್ಕೆ ದರ ಕಟ್ಟುತ್ತಾನೆ, ಕಟ್ಟಲೇಬೇಕು, ಅದು ಅವನ ಅನ್ನ. ನನ್ನ ಈ ಕೈ ಇಷ್ಟು ವರ್ಷ ಯಾರದೋ ಅಡಿಗೆ ಮನೆಗಾಗಿಯೇ ಎದ್ದಿದೆ, ಬಿದ್ದಿದೆ. ಗಾಳಿಗೆ ಗುದ್ದುವ ಒಂದು ಗುದ್ದು ಮಾತ್ರ ಯಾರಿಗೂ ಬೇಡದ್ದು. ನನ್ನದು.

ಹೀಗೆಲ್ಲ ಯೋಚನೆ ಮಾಡಿದ್ದು ನಾನೊಬ್ಬಳೇ. ಐದನೆಯ ಕ್ಲಾಸಿನ ನಡುವೆ ಶಾಲೆ ಬಿಟ್ಟವಳಿಗೆ ಅದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ಸಂಜೆ ಶೋಭಾ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ನಾನು ಎದುರು ಕೂತೆ.

"ನಾನ್ ಸೋತೆ, ಕಂಡ್ಯಲೆ" ಎಂದೆ.

"ಕಂಡೆ ಅತ್ತೆ."

"ಮತ್ತೆ?"

"ಬುಧವಾರ ಹೋತ್ರ್ಯಾ?" ಎಂದಳು. ತುರಿಯುವ ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಕೇಳಿದಳು. ಅತ್ತೆಯ ಮರ್ಯಾದೆ ಹೋದದ್ದಕ್ಕೆ ಸಮಾಧಾನ ಹೇಳಲು ಕೇಳಿದ್ದಲ್ಲ. ಸೋತವಳು ಮತ್ತೆ ಹೋಗುತ್ತಾಳೋ ಇಲ್ಲವೋ ಎಂದು ಅವಳಿಗೆ ತಿಳಿಯಬೇಕಾಗಿತ್ತು. ಇಷ್ಟು ದಿನ ನಾನು ಎಲ್ಲರ ಮಾತಿನ ಹಿಂದೆ ಏನೋ ಇದೆ ಎಂದು ಹುಡುಕಿ ಏನೂ ಸಿಗದೆ ಬಂದವಳು. ಈ ಒಂದು ಮಾತಿನ ಹಿಂದೆ ನಿಜಕ್ಕೂ ಏನೋ ಇತ್ತು.

ಬಾಯಿಯಲ್ಲಿ ಉತ್ತರ ಕೊಡಲಿಲ್ಲ. ಹೋಗುತ್ತೇನೆ ಎಂದಿದ್ದರೆ ಅವಳು "ಆಯ್ತ್ ಅತ್ತೆ" ಎನ್ನುತ್ತಿದ್ದಳು, ಅಷ್ಟಕ್ಕೆ ಮುಗಿಯುತ್ತಿತ್ತು. ಬುಧವಾರದವರೆಗೆ ಕಾದರೆ ಇಬ್ಬರ ಮನಸ್ಸೂ ತಣ್ಣಗಾಗುತ್ತಿತ್ತು.

ಮರುದಿನ ಸೋಮವಾರ, ಕ್ಲಾಸಿಲ್ಲ. ಬೆಳಕು ಹರಿಯುವಾಗ ಎದ್ದು, ಪ್ಯಾಂಟು ಹಾಕಿ, ಪಟ್ಟಿ ಕಟ್ಟಿ, ಅಂಗಳದಲ್ಲಿ ಹೋಗಿ ನಿಂತೆ. ಪ್ರಜ್ವಲ ಬಾವಿಕಟ್ಟೆಯ ಹತ್ತಿರ ಹ‌ಲ್ಲುಜ್ಜುತ್ತಿದ್ದ. ನೋಡಲಿ ಎಂದು ಬಿಟ್ಟೆ. ಒಬ್ಬಳೇ ಸ್ವಲ್ಪ ಹೊತ್ತು ಗುದ್ದಿದೆ. ಆಮೇಲೆ ಅಡಿಗೆ ಮನೆಯ ಕಿಟಕಿಗೆ ಕೇಳುವ ಹಾಗೆ, "ಶೋಭಾ, ಕೈ ಒರ್ಸ್ಕಂಡ್ ಬಾ. ಜೋಡಿ ಇಲ್ದೆ ಆತ್ತಿಲ್ಲ" ಎಂದೆ.

"ಒಲೆ ಮೇಲ್ ಗಂಜಿ ಇತ್ತ್ ಅತ್ತೆ, ಉಕ್ಕತ್ತ್."

"ಉಕ್ಲಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮತ್ತೂ ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ನಾನು ಇನ್ನೊಮ್ಮೆ ಕರೆಯಲಿಲ್ಲ. ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, ಎದುರು ನಿಂತಳು. ನಾನು ಗುದ್ದಿದೆ, ಅವಳು ಕೈ ಅಡ್ಡ ಕೊಟ್ಟಳು, ಮೂಳೆಗೆ ಮೂಳೆ ತಾಗಿತು. ಅವಳು ಗುದ್ದಿದಳು, ನಾನು ತಡೆದೆ. ಬಾವಿಕಟ್ಟೆಯವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನೋಡುತ್ತಿದ್ದ.

ಗಂಜಿ ಉಕ್ಕಿ, ಗ್ಯಾಸು ಆರಿ, ವಾಸನೆ ಅಂಗಳಕ್ಕೆ ಬಂದಾಗ ಅವಳು ಓಡಿ ಹೋಗಿ ಗ್ಯಾಸಿನ ತಿರುಪು ಮುಚ್ಚಿದಳು. ನಾನೂ ಹಿಂದೆಯೇ ಒಳಗೆ ಹೋದೆ. ಒಲೆ, ಕಟ್ಟೆ, ನೆಲ ಎಲ್ಲ ಗಂಜಿ ತೆಳಿ. ನಾನು ನೋಡಿದೆ, ಅವಳೂ ನೋಡಿದಳು.

"ನೀವೇ ತೊಳ್ಕಣಿ ಅತ್ತೆ. ನಂಗ್ ಬಸ್ಸಿಗ್ ಹೊತ್ತಾಯ್ತ್" ಎಂದಳು.

ಅವಳು ಹೋದ ಮೇಲೆ ಸೊಂಟದ ಪಟ್ಟಿ ಬಿಚ್ಚದೆ ಒಲೆ ತೊಳೆದೆ.